ಊರು ಬಿಡುವ ದಾರಿಗಳು

ಯುಗಾದಿಯ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ ನಿಂತವರಿಗೆ ಈ ನಗರ ಯಾರದ್ದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಲಿಂಗಸುಗೂರು, ದೇವದುರ್ಗ, ಸುರಪುರ, ಕುಷ್ಟಗಿ ಎಂಬ ಫಲಕ ಹೊತ್ತ ಬಸ್ಸುಗಳ ಕಿಟಕಿಯಿಂದ ಒಳಗೆ ಟವೆಲು ಎಸೆದು ಸೀಟು ಹಿಡಿಯುವವರು ಒಂದು ಕಡೆ. ಮಂಡ್ಯ, ಮಳವಳ್ಳಿ ಕಡೆಗೆ ಹೊರಟು ಫುಟ್‌ಬೋರ್ಡಿನ ಮೇಲೆ ನಿಂತವರು ಇನ್ನೊಂದು ಕಡೆ. ಕುಂದಾಪುರ, ಕುಮಟೆಯ ಬಸ್ಸಿಗೆ ತಿಂಗಳ ಮೊದಲೇ ಮುಂಗಡ ಟಿಕೆಟ್ ಮಾಡಿಸಿ ನಿಶ್ಚಿಂತೆಯಿಂದ ಕುಳಿತವರು ಮತ್ತೊಂದು ಕಡೆ. ಇವರಲ್ಲಿ ಯಾರನ್ನಾದರೂ ‘ಯಾವೂರು ನಿಮ್ಮದು?’ ಎಂದು ಕೇಳಿ ನೋಡಿ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಬಾಳಿದವರೂ ‘ಬೆಂಗಳೂರು’ ಎನ್ನುವುದಿಲ್ಲ. ಹಳ್ಳಿಯ ಹೆಸರನ್ನೇ ಹೇಳುತ್ತಾರೆ.

ಇವರೆಲ್ಲರೂ ಹಳ್ಳಿಯಿಂದ ಪೇಟೆಗೆ ಬಂದವರೇ. ಆದರೆ ಬಂದ ದಾರಿ ಮಾತ್ರ ಒಂದೇ ಅಲ್ಲ. ಒಬ್ಬ ಮಳೆ ಕೈಕೊಟ್ಟಿತೆಂದು ಬಂದ, ಇನ್ನೊಬ್ಬ ಓದು ಮುಗಿಸಿ ಕೆಲಸ ಹುಡುಕಿ ಬಂದ, ಮತ್ತೊಬ್ಬ ಹೊಲ ಹಸಿರಾಗಿದ್ದರೂ ರೈತನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಕಾರಣಕ್ಕೆ ಬಂದ. ಒಂದು ಬಸ್ ನಿಲ್ದಾಣದಲ್ಲೇ ಇಷ್ಟು ಭೇದ ಕಾಣುವಾಗ ಇಡೀ ದೇಶದಲ್ಲಿ ಎಷ್ಟಿರಬೇಡ? ಆದರೂ ನಾವು ‘ಭಾರತದ ನಗರೀಕರಣ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಎಲ್ಲ ರಾಜ್ಯಗಳೂ ಒಂದೇ ಏಣಿ ಹತ್ತುತ್ತಿವೆ, ಕೆಲವು ಮೇಲಿನ ಮೆಟ್ಟಿಲಲ್ಲಿವೆ, ಕೆಲವು ಕೆಳಗಿವೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆಯನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಸರಾಸರಿಯ ಹಿಂದೆ

ಮೊದಲು ದೇಶದ ಲೆಕ್ಕ ನೋಡೋಣ. 1901ರ ಜನಗಣತಿಯಲ್ಲಿ ಭಾರತದ ನೂರು ಜನರಲ್ಲಿ ಸುಮಾರು 11 ಮಂದಿ ಪಟ್ಟಣವಾಸಿಗಳು. 1911ರಲ್ಲಿ ಈ ಪ್ರಮಾಣ ಏರುವ ಬದಲು ತುಸು ಇಳಿಯಿತು. ಅದು ಪ್ಲೇಗಿನ ಕಾಲ. ಪೇಟೆಗಳ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕಾಲ. 1951ರಲ್ಲಿ ಪ್ರಮಾಣ ಶೇ. 17ಕ್ಕೆ, 2011ರಲ್ಲಿ ಶೇ. 31ಕ್ಕೆ ಬಂತು. ಶೇ. 31 ಎಂದರೆ ಕಡಿಮೆಯೇನಲ್ಲ. ಸುಮಾರು 37 ಕೋಟಿ 70 ಲಕ್ಷ ಜನ. ಅಮೆರಿಕದ ಅಂದಿನ ಒಟ್ಟು ಜನಸಂಖ್ಯೆಗಿಂತ ಇದು ಹೆಚ್ಚು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಹಳ್ಳಿಗಳಿಗೆ ಸೇರಿದ ಜನಕ್ಕಿಂತ ಪಟ್ಟಣಗಳಿಗೆ ಸೇರಿದ ಜನ ತುಸು ಹೆಚ್ಚು. ಸ್ವಾತಂತ್ರ್ಯಾನಂತರದ ಜನಗಣತಿಗಳಲ್ಲಿ ಹೀಗಾದದ್ದು ಅದೇ ಮೊದಲು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೊರೋನಾದಿಂದ ಮುಂದಕ್ಕೆ ಹೋಯಿತು. ಹಾಗಾಗಿ ಈ ಲೇಖನದಲ್ಲಿ ಬರುವ ಪ್ರಮಾಣಗಳು 2011ರವು. ಆ ವರ್ಷ ತಮಿಳುನಾಡಿನಲ್ಲಿ ನಗರವಾಸಿಗಳು ಶೇ. 48.4, ಕೇರಳದಲ್ಲಿ ಶೇ. 47.7, ಮಹಾರಾಷ್ಟ್ರದಲ್ಲಿ ಶೇ. 45.2, ಕರ್ನಾಟಕದಲ್ಲಿ ಶೇ. 38.7. ಪಟ್ಟಿಯ ತಳದಲ್ಲಿ ಬಿಹಾರ ಶೇ. 11.3, ಹಿಮಾಚಲ ಪ್ರದೇಶ ಶೇ. 10.

ಪಟ್ಟಿಯ ಕೊನೆಯ ಈ ಎರಡು ಹೆಸರುಗಳನ್ನು ಗಮನಿಸಿ. ನಗರೀಕರಣವೆಂಬುದು ಏಣಿಯೇ ಆಗಿದ್ದರೆ ಬಿಹಾರ, ಹಿಮಾಚಲ ಎರಡೂ ಒಂದೇ ಮೆಟ್ಟಿಲ ಮೇಲೆ ಇರಬೇಕಿತ್ತು. ಆದರೆ ಹಿಮಾಚಲದಲ್ಲಿ ಅಕ್ಷರಸ್ಥರು ಶೇ. 82.8, ಬಿಹಾರದಲ್ಲಿ ಶೇ. 61.8. ಹಿಮಾಚಲದ ರೈತ ಸೇಬಿನ ತೋಟದ ಆದಾಯದಿಂದ ಬೆಟ್ಟದ ಇಳಿಜಾರಿನಲ್ಲೇ ಗಟ್ಟಿಮನೆ ಕಟ್ಟಿಸಿ ಕುಳಿತಿದ್ದಾನೆ. ಬಿಹಾರದ ಕೃಷಿ ಕಾರ್ಮಿಕ ಪಂಜಾಬಿನ ಗದ್ದೆಯಲ್ಲೋ ದೆಹಲಿಯ ಕಟ್ಟಡದ ಮೇಲೋ ಇದ್ದಾನೆ. ಒಬ್ಬ ಹಳ್ಳಿ ಬಿಡಬೇಕಾದ ಅಗತ್ಯ ಬೀಳದೆ ಹಳ್ಳಿಯಲ್ಲಿದ್ದಾನೆ. ಇನ್ನೊಬ್ಬನ ರಾಜ್ಯದಲ್ಲಿ ಅವನಿಗೆ ಕೆಲಸ ಕೊಡಬಲ್ಲ ಪಟ್ಟಣಗಳೇ ಸಾಲದು. ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಇಬ್ಬರೂ ಅಕ್ಕಪಕ್ಕ ಕುಳಿತಿದ್ದಾರೆ.

ಪಟ್ಟಣ ಎಂದರೆ ಯಾವುದು?

ಮುಂದೆ ಹೋಗುವ ಮೊದಲು ಒಂದು ಮೂಲಭೂತ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಹಳ್ಳಿ ಎಲ್ಲಿ ಮುಗಿಯುತ್ತದೆ, ಪಟ್ಟಣ ಎಲ್ಲಿ ಆರಂಭವಾಗುತ್ತದೆ?

ನಮ್ಮ ಜನಗಣತಿ ಎರಡು ಬಗೆಯ ಪಟ್ಟಣಗಳನ್ನು ಗುರುತಿಸುತ್ತದೆ. ಮಹಾನಗರಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿ ಎಂದು ರಾಜ್ಯ ಸರ್ಕಾರ ಘೋಷಿಸಿದ ಊರುಗಳು ಒಂದು ಬಗೆ. ಸರ್ಕಾರ ಘೋಷಿಸದಿದ್ದರೂ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಊರುಗಳು ಎರಡನೆಯ ಬಗೆ. ಜನಸಂಖ್ಯೆ ಕನಿಷ್ಠ 5,000 ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ವಾಸಿಸುತ್ತಿರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. ಈ ಎರಡನೆಯ ಬಗೆಗೆ ‘ಜನಗಣತಿ ಪಟ್ಟಣ’ ಎಂದು ಹೆಸರು. 1961ರ ಜನಗಣತಿಯಲ್ಲಿ ಇಂಥ ಬಿಗಿಯಾದ ನಿಯಮ ಬಂದಾಗ ಅದುವರೆಗೆ ಪಟ್ಟಣವೆನಿಸಿಕೊಂಡಿದ್ದ ಸುಮಾರು 800 ಊರುಗಳು ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಹಳ್ಳಿಗಳಾದವು. ಅಲ್ಲಿಂದ ಒಬ್ಬ ಮನುಷ್ಯನೂ ಕದಲಿರಲಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ ಎಂಬುದು ಗಮನಿಸತಕ್ಕ ಸಂಗತಿ. ಗಂಡ ಬೆಳಿಗ್ಗೆ ಎದ್ದು ಕಾರ್ಖಾನೆಗೆ ಹೋಗುತ್ತಾನೆ, ಹೆಂಡತಿ ಎಮ್ಮೆ ಕಟ್ಟಿಕೊಂಡು ಹೊಲವನ್ನೂ ನೋಡಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಇಂಥ ಸಂಸಾರಗಳೇ ತುಂಬಿರುವ ಊರು ಲೆಕ್ಕದಲ್ಲಿ ಪಟ್ಟಣವಾಗಬಹುದು. ಬೇಸಾಯ ಅಲ್ಲಿ ನಿಂತಿರುವುದಿಲ್ಲ. ಗಂಡಸಿನ ಕೈಯಿಂದ ಹೆಂಗಸಿನ ಕೈಗೆ ದಾಟಿರುತ್ತದೆ, ಅಷ್ಟೆ.

ಈ ಹೆಸರಿನ ಹಿಂದೆ ಹಣದ ಮಾತೂ ಇದೆ. ಹಳ್ಳಿಗಳಿಗೆ ಬರುವ ಅನುದಾನ, ಯೋಜನೆಗಳು ಬೇರೆ. ಪಟ್ಟಣಗಳಿಗೆ ಬರುವುದು ಬೇರೆ. 2005ರ ಉದ್ಯೋಗ ಖಾತರಿ ಕಾಯಿದೆಯನ್ನು ರೂಪಿಸಿದ್ದೇ ಹಳ್ಳಿಗಳಿಗಾಗಿ. ತಮಿಳುನಾಡು ಸರ್ಕಾರ 2004ರಲ್ಲಿ ಐನೂರಕ್ಕೂ ಹೆಚ್ಚು ಪಟ್ಟಣ ಪಂಚಾಯಿತಿಗಳನ್ನು ‘ವಿಶೇಷ ಗ್ರಾಮ ಪಂಚಾಯಿತಿ’ಗಳೆಂದು ಬದಲಾಯಿಸಿತು, ಗ್ರಾಮೀಣ ಯೋಜನೆಗಳ ಹಣ ಅವಕ್ಕೂ ಸಿಗಲೆಂಬುದು ಅದರ ಹಿಂದಿನ ಲೆಕ್ಕಾಚಾರ. 2006ರಲ್ಲಿ ಅವು ಮತ್ತೆ ಪಟ್ಟಣ ಪಂಚಾಯಿತಿಗಳಾದವು. ದೇಶದಲ್ಲೇ ಹೆಚ್ಚು ನಗರೀಕರಣಗೊಂಡ ದೊಡ್ಡ ರಾಜ್ಯ ಹಳ್ಳಿಯ ಹೆಸರಿಗೆ ಹೀಗೆ ಆಸೆಪಟ್ಟಿತು ಎಂದರೆ ಹೆಸರಿನ ಬೆಲೆ ಎಷ್ಟೆಂದು ಊಹಿಸಬಹುದು.

ಪೇಟೆಯೇ ಮನೆ ಬಾಗಿಲಿಗೆ

ಈಗ ಒಂದೊಂದೇ ದಾರಿಯನ್ನು ನೋಡೋಣ. ಮೊದಲನೆಯದು ಕೇರಳದ ದಾರಿ.

2001ರಲ್ಲಿ ಕೇರಳದ ನಗರವಾಸಿಗಳು ಶೇ. 26. ಹತ್ತೇ ವರ್ಷದಲ್ಲಿ ಅದು ಶೇ. 47.7ಕ್ಕೆ ನೆಗೆಯಿತು. ಈ ಅವಧಿಯಲ್ಲಿ ರಾಜ್ಯದ ಒಟ್ಟು ಜನಸಂಖ್ಯೆ ಬೆಳೆದದ್ದು ಸುಮಾರು ಶೇ. 5 ಮಾತ್ರ. ಹಾಗಾದರೆ ಇಷ್ಟು ಜನ ಹಳ್ಳಿ ಬಿಟ್ಟು ಕೊಚ್ಚಿಗೋ ಕೋಯಿಕ್ಕೋಡಿಗೋ ಹೋಗಿ ನೆಲೆಸಿದರೆ? ಇಲ್ಲ. ಬಹುಪಾಲು ಜನ ಇದ್ದಲ್ಲೇ ಇದ್ದರು. ಅವರಿದ್ದ ಊರುಗಳೇ ಪಟ್ಟಣಗಳಾದವು. 2001ರಲ್ಲಿ 99 ಇದ್ದ ಜನಗಣತಿ ಪಟ್ಟಣಗಳು 2011ರಲ್ಲಿ 461 ಆದವು. ಮಲಪ್ಪುರಂ ಜಿಲ್ಲೆಯ ನಗರ ಪ್ರಮಾಣ ಶೇ. 10ರಿಂದ ಶೇ. 44ಕ್ಕೆ ಏರಿತು.

ಇದು ಅರ್ಥವಾಗಬೇಕಾದರೆ ಕೇರಳದ ಊರಿನ ಆಕಾರ ನೋಡಬೇಕು. ನಮ್ಮ ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಗುಂಪು. ಅಗಸಿ ದಾಟಿದರೆ ಹೊಲ. ನೀರು ಕೆರೆಯಲ್ಲೋ ಊರ ಬಾವಿಯಲ್ಲೋ ಮಾತ್ರ ಸಿಗುತ್ತಿದ್ದುದರಿಂದ ಜನ ಒಟ್ಟಿಗೆ ನೆಲೆಸಿದರು. ಮಳೆ ಧಾರಾಳವಾಗಿ ಸುರಿಯುವ ಪಶ್ಚಿಮ ಕರಾವಳಿಯಲ್ಲಿ ಮನೆಗೊಂದು ಬಾವಿ ತೋಡಬಹುದು. ಆದ್ದರಿಂದ ಅಲ್ಲಿ ಪ್ರತಿಯೊಂದು ಮನೆಯೂ ತನ್ನ ತೆಂಗು ಕಂಗುಗಳ ನಡುವೆ ಬೇರೆಯಾಗಿ ನಿಂತಿರುತ್ತದೆ. ಒಂದು ಊರು ಮುಗಿದದ್ದು, ಇನ್ನೊಂದು ಶುರುವಾದದ್ದು ಹೊಸಬರಿಗೆ ತಿಳಿಯುವುದೇ ಇಲ್ಲ. ಇಂಥ ನೆಲದ ಮೇಲೆ 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳ ಹಣ ಸುರಿಯಿತು. ರಸ್ತೆ ಬದಿಯಲ್ಲಿ ಅಂಗಡಿ, ಆಸ್ಪತ್ರೆ, ಶಾಲೆ, ಆಭರಣದ ಮಳಿಗೆಗಳು ಎದ್ದವು. 1970ರ ದಶಕದ ನಡುವೆ ಎಂಟು ಲಕ್ಷ ಹೆಕ್ಟೇರಿಗೂ ಮೀರಿದ್ದ ಭತ್ತದ ಬೆಳೆ 2010ರ ಹೊತ್ತಿಗೆ ಸುಮಾರು ಎರಡು ಲಕ್ಷ ಹೆಕ್ಟೇರಿಗೆ ಇಳಿಯಿತು. ಉಳಿದ ಗದ್ದೆಯನ್ನಾದರೂ ಕಾಪಾಡೋಣವೆಂದು 2008ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಜನ ಪೇಟೆಗೆ ಹೋಗಲಿಲ್ಲ. ಪೇಟೆಯೇ ಅವರ ಅಂಗಳಕ್ಕೆ ಬಂತು.

ಹತ್ತಾರು ಪೇಟೆಗಳ ನಾಡು

ಪಕ್ಕದ ತಮಿಳುನಾಡಿನ ಶೇಕಡಾವಾರು ಹೆಚ್ಚು ಕಡಿಮೆ ಕೇರಳದಷ್ಟೇ ಇದ್ದರೂ ಅಲ್ಲಿನ ಕಥೆ ಬೇರೆ. ಅಲ್ಲಿ ಚೆನ್ನೈ ದೊಡ್ಡದು ನಿಜ. ಆದರೆ ಕೊಯಮತ್ತೂರು, ಮಧುರೆ, ತಿರುಚ್ಚಿ, ಸೇಲಂ, ತಿರುಪ್ಪೂರು, ಈರೋಡುಗಳೂ ತಮ್ಮ ಕಾಲ ಮೇಲೆ ತಾವು ನಿಂತಿವೆ. ಉಪನಗರಗಳೂ ಸೇರಿದಂತೆ ಕೊಯಮತ್ತೂರಿನ ಜನಸಂಖ್ಯೆ 2011ರಲ್ಲೇ 21 ಲಕ್ಷ ದಾಟಿತ್ತು.

ಕೊಯಮತ್ತೂರು ಸೀಮೆ ಮಳೆ ಕಡಿಮೆ ಬೀಳುವ ನಾಡು. ಅಲ್ಲಿನ ಕಪ್ಪು ಮಣ್ಣಿನಲ್ಲಿ ಹತ್ತಿ ಬೆಳೆಯುತ್ತಿತ್ತು. 1888ರಲ್ಲಿ ಮೊದಲ ಹತ್ತಿ ಗಿರಣಿ ಬಂತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳ ಸಂಖ್ಯೆ ಏರಿತು. ಆಳವಾದ ಬಾವಿಗಳಿಂದ ನೀರೆತ್ತಲು ರೈತರಿಗೆ ಪಂಪು ಬೇಕಿತ್ತು. ಪಂಪು ತಯಾರಿಸುವ ಕಾರ್ಖಾನೆಗಳೂ ಅಲ್ಲೇ ಹುಟ್ಟಿದವು. ಬೇಸಾಯದಲ್ಲಿ ಉಳಿದ ಹಣವನ್ನು ರೈತ ಕುಟುಂಬಗಳೇ ಯಂತ್ರಕ್ಕೆ ಹಾಕಿದವು. ತಿರುಪ್ಪೂರು ಬನಿಯನ್ನಿನಿಂದ, ಶಿವಕಾಶಿ ಬೆಂಕಿಪೊಟ್ಟಣ ಪಟಾಕಿಗಳಿಂದ, ನಾಮಕ್ಕಲ್ ಲಾರಿ ಮತ್ತು ಕೋಳಿ ಸಾಕಣೆಯಿಂದ ಬೆಳೆದವು. ಇವು ಯಾವುವೂ ರಾಜಧಾನಿಯ ದಯೆಯಿಂದ ಬೆಳೆದವಲ್ಲ. ಹಳ್ಳಿಯ ಹುಡುಗನಿಗೆ ಬೆಳಿಗ್ಗೆ ಬಸ್ ಹತ್ತಿ ಹೋಗಿ ಸಂಜೆ ಮನೆಗೆ ಮರಳುವಷ್ಟು ದೂರದಲ್ಲಿ ಒಂದಲ್ಲ ಒಂದು ಪೇಟೆ ಇತ್ತು.

ಈ ದಾರಿಗೂ ತೆರಬೇಕಾದ ಬೆಲೆ ಇತ್ತು. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿತು. ಕೆಳಗಿನ ಹಳ್ಳಿಗಳ ಹೊಲ, ಬಾವಿ ಹಾಳಾದವು. 2011ರಲ್ಲಿ ಮದ್ರಾಸ್ ಹೈಕೋರ್ಟು ಬಣ್ಣ ಹಾಕುವ ಘಟಕಗಳನ್ನು ಮುಚ್ಚುವಂತೆ ಆದೇಶಿಸಬೇಕಾಯಿತು. ಪೇಟೆಗೆ ಕೆಲಸಕ್ಕೆ ಹೋಗುತ್ತಿದ್ದ ಮಗನ ಸಂಬಳ, ನದಿ ದಂಡೆಯಲ್ಲಿ ಬೇಸಾಯ ಮಾಡುತ್ತಿದ್ದ ಅಪ್ಪನ ಬೆಳೆ ಇವೆರಡೂ ಒಂದೇ ನೀರಿಗೆ ಎದುರುಬದುರಾಗಿ ನಿಂತವು.

ಬೇರೆಯವರ ಪೇಟೆಗೆ

ಇನ್ನು ಬಿಹಾರ. ಜನ ಒತ್ತೊತ್ತಾಗಿದ್ದರೆ ಪಟ್ಟಣ ತಾನಾಗಿ ಬೆಳೆಯುತ್ತದೆ ಎನ್ನುವುದಾದರೆ ದೇಶದಲ್ಲಿ ಮೊದಲು ನಗರವಾಗಬೇಕಿದ್ದುದು ಬಿಹಾರವೇ. ಅಲ್ಲಿ ಚದರ ಕಿಲೋಮೀಟರಿಗೆ 1,106 ಜನ, ಕೇರಳದಲ್ಲಿ 860. ಜನಸಂಖ್ಯೆ ಮತ್ತು ಸಾಂದ್ರತೆಯ ಪರೀಕ್ಷೆಗಳಲ್ಲಿ ಬಿಹಾರದ ಎಷ್ಟೋ ಹಳ್ಳಿಗಳು ಸಲೀಸಾಗಿ ಪಾಸಾಗುತ್ತವೆ. ನಪಾಸಾಗುವುದು ಮೂರನೆಯದರಲ್ಲಿ, ಅಂದರೆ ಬೇಸಾಯದ ಹೊರಗಿನ ಕೆಲಸದಲ್ಲಿ.

ಇದಕ್ಕೆ ಕಾರಣಗಳು ಹಳೆಯವು. 1793ರ ಜಮೀನ್ದಾರಿ ಏರ್ಪಾಡಿನಲ್ಲಿ ಗೇಣಿದಾರನ ಬೆವರಿನ ಫಲ ಜಮೀನ್ದಾರನ ಪಾಲಾಯಿತು. ಕೊಯಮತ್ತೂರಿನಲ್ಲಿ ಆದಂತೆ ಭೂಮಿಯ ಹಣ ಯಂತ್ರವಾಗಿ ಮಾರ್ಪಡಲಿಲ್ಲ. ಸ್ವಾತಂತ್ರ್ಯಾನಂತರ, 1950ರ ದಶಕದಿಂದ 1990ರ ದಶಕದ ಆರಂಭದವರೆಗೆ, ಕೇಂದ್ರ ಸರ್ಕಾರ ಉಕ್ಕು ಮತ್ತು ಕಲ್ಲಿದ್ದಲಿನ ಸಾಗಾಟ ವೆಚ್ಚವನ್ನು ದೇಶಕ್ಕೆಲ್ಲ ಸಮವಾಗಿ ಹಂಚುವ ನೀತಿಯನ್ನು ಅನುಸರಿಸಿತು. ಗಣಿಯ ಪಕ್ಕದಲ್ಲಿ ಸಿಗುವ ಬೆಲೆಗೇ ಸಾವಿರಾರು ಮೈಲಿ ದೂರದ ಬಂದರಿನಲ್ಲೂ ಉಕ್ಕು ಸಿಗುವುದಾದರೆ ಕಾರ್ಖಾನೆ ಕಟ್ಟುವವನು ಗಣಿಯ ಪಕ್ಕಕ್ಕೆ ಯಾಕೆ ಬರುತ್ತಾನೆ? ಕೊನೆಗೆ 2000ದಲ್ಲಿ ಜಾರ್ಖಂಡ್ ಬೇರೆಯಾದಾಗ ಜಮ್‌ಶೆಡ್‌ಪುರ, ಧನ್‌ಬಾದ್, ಬೊಕಾರೊ, ರಾಂಚಿಗಳೆಲ್ಲ ಆ ಪಾಲಿಗೆ ಹೋದವು.

ಹೀಗಾಗಿ ಬಿಹಾರಿಗಳು ಬೇರೆಯವರ ಪೇಟೆಗಳನ್ನು ಬೆಳೆಸಿದರು. ಮೊದಲು ಕೋಲ್ಕತ್ತದ ಸೆಣಬಿನ ಗಿರಣಿಗಳು, ಅನಂತರ ಪಂಜಾಬ್, ದೆಹಲಿ, ಸೂರತ್, ಮುಂಬಯಿ, ಈಗ ಬೆಂಗಳೂರು ಮತ್ತು ಕೇರಳ. ಭೋಜಪುರಿ ನಾಟಕಕಾರ ಭಿಖಾರಿ ಠಾಕೂರ್ (1887–1971) ಅವರ ಅತ್ಯಂತ ಪ್ರಸಿದ್ಧ ನಾಟಕ ‘ಬಿದೇಸಿಯಾ’. ದುಡಿಯಲು ದೂರ ಹೋದ ಗಂಡ ಮತ್ತು ಊರಲ್ಲಿ ಉಳಿದ ಹೆಂಡತಿಯ ಕಥೆ ಅದು. ಆ ನಾಡಿನ ಜನಪ್ರಿಯ ನಾಟಕದ ವಸ್ತು ಊರು ಬಿಡುವ ಗಂಡಸು ಎಂಬುದು ಯಾವ ಅಂಕಿ ಅಂಶಕ್ಕೂ ಕಡಿಮೆಯಲ್ಲದ ಸಾಕ್ಷಿ.

ಇಲ್ಲೊಂದು ವಿಚಿತ್ರ ಕೊಂಡಿ ಇದೆ. ಕೇರಳದ ಗಂಡಸು ಕೊಲ್ಲಿಗೆ ಹೋಗಿ ಕಳಿಸಿದ ಹಣದಿಂದ ಮನೆ ಏಳುತ್ತದೆ. ಆ ಮನೆಯ ಇಟ್ಟಿಗೆ ಹೊರುವವನು ಬಿಹಾರ, ಬಂಗಾಳ, ಒಡಿಶಾ, ಅಸ್ಸಾಮಿನಿಂದ ಬಂದವನು. ಒಂದು ಪ್ರದೇಶ ಹಳ್ಳಿಯಿಂದ ಪೇಟೆಯಾಗುವ ಕ್ರಿಯೆ ಇನ್ನೊಂದು ಪ್ರದೇಶದ ಹಳ್ಳಿಯ ಗಂಡಸರನ್ನು ಎಳೆದುಕೊಳ್ಳುತ್ತದೆ.

ನಮ್ಮಲ್ಲಿಯೇ ಹಲವು ದಾರಿ

ಕರ್ನಾಟಕದ ವೈಶಿಷ್ಟ್ಯವೆಂದರೆ ಮೇಲೆ ಹೇಳಿದ ದಾರಿಗಳೆಲ್ಲ ಒಂದೇ ರಾಜ್ಯದೊಳಗೆ ಸಿಗುತ್ತವೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ನಗರವಾಸಿಗಳು ಶೇ. 91ರಷ್ಟಿದ್ದರೆ ಕೊಡಗಿನಲ್ಲಿ ಶೇ. 14.6. ಧಾರವಾಡ ಜಿಲ್ಲೆಯಲ್ಲಿ ಶೇ. 57, ದಕ್ಷಿಣ ಕನ್ನಡದಲ್ಲಿ ಶೇ. 48, ಮಂಡ್ಯದಲ್ಲಿ ಶೇ. 17, ಕೊಪ್ಪಳದಲ್ಲೂ ಸುಮಾರು ಶೇ. 17.

ರಾಜ್ಯದ ಶೇ. 38.7ರಲ್ಲಿ ಬೆಂಗಳೂರಿನ ಪಾಲೇ ದೊಡ್ಡದು. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಎರಡನೆಯ ಸ್ಥಾನದಲ್ಲಿದ್ದ ಹುಬ್ಬಳ್ಳಿ-ಧಾರವಾಡದ್ದು 9.4 ಲಕ್ಷ. ಅಂದರೆ ಹಿರಿಯಣ್ಣ ಎರಡನೆಯವನಿಗಿಂತ ಒಂಬತ್ತು ಪಟ್ಟು ದೊಡ್ಡವನು. ಬೆಂಗಳೂರನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ ಉಳಿದ ಕರ್ನಾಟಕದ ನಗರ ಪ್ರಮಾಣ ಸುಮಾರು ಶೇ. 29ಕ್ಕೆ ಇಳಿಯುತ್ತದೆ. ನೂರು ವರ್ಷದ ಹಿಂದೆ ಹೀಗಿರಲಿಲ್ಲ. 1901ರಲ್ಲಿ ದಂಡು ಪ್ರದೇಶವೂ ಸೇರಿ ಬೆಂಗಳೂರಿನಲ್ಲಿದ್ದವರು ಸುಮಾರು 1.6 ಲಕ್ಷ. 1940ರ ಬಳಿಕ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಅನಂತರ ಸಾಫ್ಟ್‌ವೇರ್ ಬಂತು. ಇದೇ ಅವಧಿಯ ಕೊನೆಯ ದಶಕಗಳಲ್ಲಿ ದಾವಣಗೆರೆ, ಹುಬ್ಬಳ್ಳಿಯ ಹತ್ತಿ ಗಿರಣಿಗಳ ಸೈರನ್ನು ನಿಂತಿತು. ಹತ್ತಿ ಬೆಳೆಯುವ ನಾಡು ನಮ್ಮಲ್ಲೂ ಇತ್ತು, ಗಿರಣಿಗಳೂ ಇದ್ದವು. ಆದರೆ ಒಂದು ಕೊಯಮತ್ತೂರು ಆಗಲಿಲ್ಲ.

ಕರಾವಳಿಯದು ಕೇರಳದ ಚಹರೆ. ಮನೆಗಳು ತೋಟಗಳ ನಡುವೆ ಚೆದುರಿವೆ. ಮಂಗಳೂರಿನ ಸುತ್ತ ಊರಿಗೆ ಊರು ಕೂಡಿಕೊಂಡಿದೆ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಇಲ್ಲಿನ ಹುಡುಗರು ಹಡಗು ಹತ್ತಿ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ತಾವೇ ಹೋಟೆಲು ತೆರೆದರು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1906 ಮತ್ತು 1931ರ ನಡುವೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದವು. ಹೊರಗೆ ದುಡಿದ ಹಣ ಊರಿಗೆ ಮರಳಿ ಶಾಲೆ, ಗುಡಿ, ಮನೆಗಳಾಯಿತು.

ಈಗ ರಾಯಚೂರು, ಯಾದಗಿರಿ, ಕಲಬುರಗಿ ಕಡೆಗೆ ಬರೋಣ. ಅಲ್ಲಿನ ಜನ ಹೊರಡುವುದಕ್ಕೆ ಕನ್ನಡದಲ್ಲಿ ಬೇರೆಯೇ ಮಾತಿದೆ: ಗುಳೆ. ಕರಾವಳಿಯವನು ಮುಂಬಯಿಗೆ ‘ಹೋದ’. ದೇವದುರ್ಗದವನು ‘ಗುಳೆ ಹೋದ’. ಮೊದಲನೆಯದರಲ್ಲಿ ಏನನ್ನೋ ಅರಸಿ ಹೋಗುವ ಭಾವವಿದ್ದರೆ ಎರಡನೆಯದರಲ್ಲಿ ಬೇರೆ ಗತಿಯಿಲ್ಲದ್ದು ಕಾಣುತ್ತದೆ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಗಂಡ ಹೆಂಡತಿ ಇಬ್ಬರೂ ಪಾತ್ರೆ ಪಡಗ ಕಟ್ಟಿಕೊಂಡು ಬೆಂಗಳೂರು, ಪುಣೆ, ಗೋವಾ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮುಂಗಾರು ಬಿದ್ದಾಗ ಬಿತ್ತಲು ಮರಳುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಅದೇ ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಕಾಲುವೆಯ ನೀರು ಕಂಡ ಸಿಂಧನೂರಿನ ಕಡೆ ಭತ್ತ ನಾಟಿಗೆ ಹೊರಗಿನಿಂದ ಆಳು ಬರುತ್ತಾರೆ. ಒಂದೇ ಜಿಲ್ಲೆಯ ಒಂದು ತಾಲ್ಲೂಕು ಜನರನ್ನು ಕಳಿಸುತ್ತದೆ, ಇನ್ನೊಂದು ಕರೆಯುತ್ತದೆ. ನಡುವಿನ ವ್ಯತ್ಯಾಸ ಒಂದು ಕಾಲುವೆ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು.

ಮಂಡ್ಯದ ಶೇ. 17ಕ್ಕೂ ಕೊಪ್ಪಳದ ಶೇ. 17ಕ್ಕೂ ಅರ್ಥ ಬೇರೆ. ಕನ್ನಂಬಾಡಿಯ ನೀರು, 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿ ಇವೆರಡೂ ಸೇರಿ ಮಂಡ್ಯದ ರೈತನನ್ನು ಹೊಲದಲ್ಲೇ ಹಿಡಿದಿಟ್ಟವು. ಎರಡೂ ಕಡೆ ಬೆಂಗಳೂರು, ಮೈಸೂರುಗಳಿದ್ದರೂ ಜಿಲ್ಲೆ ಹಳ್ಳಿಯಾಗಿಯೇ ಉಳಿಯಿತು. ಆದರೆ ಈಗ ಆ ಹಿಡಿತ ಸಡಿಲಾಗಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಯುವಕರು ವಧು ಸಿಗಲೆಂದು ಹರಸಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳಲ್ಲಿ ಓದಿ ಅನೇಕರು ನಕ್ಕರು. ನಗುವ ವಿಷಯ ಅದಲ್ಲ. ನೀರಾವರಿ ಜಮೀನಿದ್ದ ಮನೆಗೆ ಹೆಣ್ಣು ಕೊಡಲು ಹಿಂದೆ ಪೈಪೋಟಿ ಇತ್ತು. ಈಗ ಬೆಂಗಳೂರಿನಲ್ಲಿ ಸಣ್ಣ ಸಂಬಳದ ಕೆಲಸವಿದ್ದರೂ ಸಾಕು ಎನ್ನುವವರು ಹೆಚ್ಚು. ಭೂಮಿ ಅನ್ನ ಕೊಡುತ್ತಿದ್ದರೂ ಮರ್ಯಾದೆ ಕೊಡದಿದ್ದರೆ ಮನುಷ್ಯ ಊರು ಬಿಡುತ್ತಾನೆ.

ಹಿಮ್ಮುಖವಾಗಿ ನಡೆದ ಪಟ್ಟಣವೂ ನಮ್ಮಲ್ಲಿದೆ. ಕೋಲಾರ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತ್ತು; ಬೆಂಗಳೂರಿನ ಬೀದಿಗಳಿಗೆ ಬಂದದ್ದು ಆಮೇಲೆ. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿನ ಕಾರ್ಮಿಕರ ಮಕ್ಕಳು ನಸುಕಿನಲ್ಲಿ ಎದ್ದು ರೈಲು ಹತ್ತಿ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಮನೆ ಸೇರಿದರು. ಪಟ್ಟಣದಲ್ಲಿ ಹುಟ್ಟಿದವನಿಗೂ ಇನ್ನೊಂದು ಪಟ್ಟಣಕ್ಕೆ ಓಡಬೇಕಾದ ಸ್ಥಿತಿ ಬರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಲೆಕ್ಕಕ್ಕೆ ಸಿಗದವರು

ಈ ಭೇದಗಳನ್ನು ತಿಳಿಯುವುದರಿಂದ ಏನು ಪ್ರಯೋಜನ ಎಂದು ಓದುಗರು ಕೇಳಬಹುದು. ಪ್ರಯೋಜನವಿದೆ. ರೋಗ ಬೇರೆಯಾದರೆ ಮದ್ದೂ ಬೇರೆಯಾಗಬೇಕು.

ದೇಶದಲ್ಲಿ 2001ರಲ್ಲಿ 1,362 ಇದ್ದ ಜನಗಣತಿ ಪಟ್ಟಣಗಳು 2011ರಲ್ಲಿ 3,890 ದಾಟಿದವು. ಇವು ಲೆಕ್ಕದಲ್ಲಿ ಪಟ್ಟಣ, ಆಡಳಿತದಲ್ಲಿ ಗ್ರಾಮ ಪಂಚಾಯಿತಿ. ಮೂರು ಅಂತಸ್ತಿನ ಕಟ್ಟಡಗಳು ಏಳುತ್ತವೆ, ಒಳಚರಂಡಿ ಇರುವುದಿಲ್ಲ. ಶೌಚದ ಗುಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ ಇರುತ್ತದೆ. ಹೀಗೆ ಬೆಳೆಯುತ್ತಿರುವ ಊರುಗಳಿಗಾಗಿ ಸಂವಿಧಾನದ 74ನೇ ತಿದ್ದುಪಡಿ (1992) ಪಟ್ಟಣ ಪಂಚಾಯಿತಿಯ ಏರ್ಪಾಡು ಮಾಡಿತು. ಆದರೆ ಯಾವ ಊರಿಗೆ ಆ ಸ್ಥಾನ ಕೊಡಬೇಕೆಂಬ ತೀರ್ಮಾನ ರಾಜ್ಯಗಳ ಕೈಯಲ್ಲಿದೆ. ಜನರಿಗೂ ಅಳುಕಿದೆ: ಪಟ್ಟಣವಾದರೆ ಮನೆ ಕಂದಾಯ ಏರುತ್ತದೆ, ಹಳ್ಳಿಯ ಯೋಜನೆಗಳು ಕೈತಪ್ಪುತ್ತವೆ. ಕೇರಳದಂತೆ ಪಂಚಾಯಿತಿಗಳೇ ಬಲವಾಗಿರುವ ಕಡೆ ‘ಹಳ್ಳಿ’ ಎಂಬ ಹೆಸರು ಅಷ್ಟು ನಷ್ಟವಲ್ಲ. ಪಂಚಾಯಿತಿಯ ಬೊಕ್ಕಸ ಬರಿದಾಗಿರುವ ಕಡೆ ಅದೇ ಹೆಸರು ಜನರ ಆರೋಗ್ಯವನ್ನೇ ಕೆಡಿಸುತ್ತದೆ. ಇಂಥ ಊರುಗಳಿಗೆ ಬೇಕಾದುದು ಚರಂಡಿ ಮತ್ತು ಅಧಿಕಾರ.

ಗುಳೆ ಹೋಗುವ ಸೀಮೆಗೆ ಬೇಕಾದುದು ಬೇರೆ: ಊರಲ್ಲಿ ನೀರು, ಹತ್ತಿರದ ತಾಲ್ಲೂಕು ಕೇಂದ್ರದಲ್ಲಿ ಕೆಲಸ, ಹೋದ ಕಡೆ ಮಕ್ಕಳಿಗೆ ಶಾಲೆ. ಇವರು ನಾಲ್ಕು ತಿಂಗಳು ಬೆಂಗಳೂರಿನಲ್ಲಿ, ಎಂಟು ತಿಂಗಳು ಊರಲ್ಲಿ ಇರುವವರು. ಮತದಾರರ ಪಟ್ಟಿಯಲ್ಲಿ ಹೆಸರು ಊರಲ್ಲಿ, ದುಡಿಮೆ ಪೇಟೆಯಲ್ಲಿ. ನಗರದ ಪಾಲಿಗೆ ಇವರು ಹಳ್ಳಿಯವರು. ಹಳ್ಳಿಯ ಯೋಜನೆಗಳು ಬಾಗಿಲು ತಟ್ಟುವಾಗ ಇವರು ಮನೆಯಲ್ಲಿರುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ ಈ ಲೆಕ್ಕಕ್ಕೆ ಸಿಗದ ಜನ ಎಲ್ಲರ ಕಣ್ಣಿಗೂ ಬಿದ್ದರು. ಹೆದ್ದಾರಿಗಳಲ್ಲಿ ಗಂಟು ಮೂಟೆ ಹೊತ್ತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೂರಾರು ಮೈಲಿ ನಡೆದರು. ಆ ಮೇ ತಿಂಗಳಲ್ಲಿ ಮೆಜೆಸ್ಟಿಕ್ಕಿನಲ್ಲಿ ಸಾಲುಗಟ್ಟಿ ನಿಂತವರು ಹಬ್ಬಕ್ಕೆ ಹೊರಟವರಾಗಿರಲಿಲ್ಲ. ತಾವು ಕಟ್ಟಿದ ನಗರದಲ್ಲಿ ಒಂದು ತಿಂಗಳು ಕೆಲಸವಿಲ್ಲದೆ ಉಳಿಯಲು ಅವರಿಗೆ ಜಾಗವಿರಲಿಲ್ಲ. ಮಲಪ್ಪುರದಲ್ಲಿ ಪೇಟೆಯೇ ಅಂಗಳಕ್ಕೆ ಬಂದದ್ದರಿಂದ ಬೀಗ ಬಿದ್ದ ದಿನವೂ ಅಲ್ಲಿನವನು ತನ್ನ ಮನೆಯಲ್ಲೇ ಇದ್ದ. ಯಾದಗಿರಿಯವನು ತನ್ನ ಮನೆಗೆ ಐನೂರು ಕಿಲೋಮೀಟರು ಹೋಗಬೇಕಿತ್ತು. ಊರು ಬಿಡುವ ದಾರಿಗಳ ನಡುವಿನ ವ್ಯತ್ಯಾಸ ಕಷ್ಟಕಾಲದಲ್ಲಿ ಹೀಗೆ ಕಿಲೋಮೀಟರುಗಳಲ್ಲಿ ಅಳೆಯುವಂತಾಯಿತು.

ಮುಂದಿನ ಜನಗಣತಿಯ ಫಲಿತಾಂಶ ಬಂದಾಗ ಪತ್ರಿಕೆಗಳು ದೇಶದ ಇಷ್ಟು ಭಾಗ ನಗರವಾಯಿತು ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತವೆ. ಆಗ ನಾವು ಆ ಒಂದು ಅಂಕಿಗೆ ನಿಲ್ಲದೆ, ಎಲ್ಲಿ ಪೇಟೆ ಊರಿಗೆ ಬಂತು, ಎಲ್ಲಿ ಊರು ಪೇಟೆಗೆ ಹೋಯಿತು, ಎಲ್ಲಿ ಹೋದವರಿಗೆ ಮರಳುವ ದಾರಿ ಉಳಿದಿದೆ ಎಂದು ವಿಚಾರಿಸಬೇಕು. ‘ಯಾವೂರು ನಿಮ್ಮದು?’ ಎಂದಾಗ ಮೆಜೆಸ್ಟಿಕ್ಕಿನ ಆ ಪ್ರಯಾಣಿಕ ಹಳ್ಳಿಯ ಹೆಸರು ಹೇಳುವುದು ಬರೀ ಅಭಿಮಾನದಿಂದಲ್ಲ. ಇಪ್ಪತ್ತು ವರ್ಷ ದುಡಿಸಿಕೊಂಡ ನಗರ ಅವನನ್ನು ಒಮ್ಮೆಯೂ ‘ಇದು ನಿನ್ನ ಊರು’ ಎಂದು ಕರೆದಿಲ್ಲ.